ಬಚ್ಚಲಿಗೆ ಇರುವೆ ಬರುವ ಮುನ್ನ

46 ತುಂಬಿದ ವರ್ಷ ನನಗೊಂದು ಹೊಸ ಚಟ ಅಂಟಿಕೊಂಡಿತು. ಬೆಳಗ್ಗೆ ಎದ್ದವನೇ ಬಚ್ಚಲಿನ ಮೂಲೆಗೆ ಬಗ್ಗಿ, ಇರುವೆ ಸಾಲುಗಟ್ಟಿದೆಯೇ ಎಂದು ನೋಡುವುದು. ನಮ್ಮ ಮನೆಯಲ್ಲಿ ಅಪ್ಪನಿಗೆ ಸಕ್ಕರೆ ಕಾಯಿಲೆ ಇದೆಯೆಂದು ಮೊದಲು ಪತ್ತೆ ಹಚ್ಚಿದ್ದು ಡಾಕ್ಟರಲ್ಲ, ಇರುವೆಗಳು. ಬಚ್ಚಲು ತೊಳೆದು ತೊಳೆದು ಸಾಕಾದ ಅವ್ವ, ‘ಇದೇನು, ಬೆಲ್ಲ ಚೆಲ್ಲಿದ ಹಾಗೆ ಮುತ್ತಿಕೊಳ್ತಾವೆ’ ಎಂದು ಗೊಣಗಿದ್ದು ಈಗಲೂ ಕಿವಿಯಲ್ಲಿದೆ. ಅಪ್ಪನಿಗೆ ಆಗ 48. ಪ್ರಮೇಹದ ಮುನ್ಸೂಚನೆಗಳಲ್ಲಿ ಮೂತ್ರಕ್ಕೆ ಇರುವೆ ಮುತ್ತುವುದನ್ನು ಚರಕ ಸಂಹಿತೆಯೂ ಹೇಳುತ್ತದೆಂದು ತಿಳಿದ ಮೇಲಂತೂ ನನ್ನ ತನಿಖೆಗೆ ಶಾಸ್ತ್ರದ ಬೆಂಬಲ ಸಿಕ್ಕಂತಾಯಿತು. ಆರು ತಿಂಗಳು ಒಂದು ಇರುವೆಯೂ ಕಾಣಲಿಲ್ಲ. ನೆಮ್ಮದಿಯಿಂದ ಎರಡನೇ ಸಲ ಅನ್ನ ಬಡಿಸಿಕೊಂಡೆ.

ಆ ನೆಮ್ಮದಿ ಎಷ್ಟು ಪೊಳ್ಳೆಂಬುದು ಆಮೇಲೆ ಗೊತ್ತಾಯಿತು. ಮೂತ್ರಪಿಂಡ ಮಹಾ ಜಿಪುಣ. ರಕ್ತದ ಸಕ್ಕರೆ ಡೆಸಿಲೀಟರಿಗೆ ಸುಮಾರು 180 ಮಿಲಿಗ್ರಾಂ ದಾಟುವ ತನಕ ಅದು ಸೋಸಿದ ಸಕ್ಕರೆಯನ್ನೆಲ್ಲ ಹೆಚ್ಚುಕಡಿಮೆ ಪೂರ್ತಿಯಾಗಿ ಬಾಚಿ ಒಳಗೇ ಹಾಕಿಕೊಳ್ಳುತ್ತದೆ. ಕಾಯಿಲೆ ಎಂದು ಹೆಸರಿಡುವುದಾದರೋ ಖಾಲಿ ಹೊಟ್ಟೆಯ ಸಕ್ಕರೆ 126 ಮುಟ್ಟಿದಾಗ. ಈ ಎರಡು ಸಂಖ್ಯೆಗಳ ನಡುವಿನ ದಾರಿಯಲ್ಲಿ ಮನುಷ್ಯ ವರ್ಷಗಟ್ಟಲೆ ನಡೆಯುತ್ತಾನೆ. ಬಾಯಾರಿಕೆ ಇಲ್ಲ, ರಾತ್ರಿ ಎದ್ದು ಓಡುವುದಿಲ್ಲ, ಸುಸ್ತಾದರೆ ‘ವಯಸ್ಸಾಯ್ತಲ್ಲ’ ಎಂಬ ಸಮಾಧಾನ ಕೈಗೆಟುಕುವಲ್ಲೇ ಇರುತ್ತದೆ. ಬ್ರಿಟನ್ನಿನಲ್ಲಿ 1977ರಲ್ಲಿ ಶುರುವಾಗಿ 1998ರಲ್ಲಿ ಫಲಿತಾಂಶ ಕೊಟ್ಟ ಯುಕೆಪಿಡಿಎಸ್ ಎಂಬ ದೊಡ್ಡ ಅಧ್ಯಯನದಲ್ಲಿ, ಮಧುಮೇಹ ಪತ್ತೆಯಾದ ದಿನವೇ ಸುಮಾರು ಅರ್ಧದಷ್ಟು ಮಂದಿಯ ಕಣ್ಣು, ನರ, ರಕ್ತನಾಳಗಳಲ್ಲಿ ಎಲ್ಲಾದರೊಂದು ಕಡೆ ಹಾನಿಯ ಗುರುತು ಕಂಡಿತ್ತು. ಇರುವೆ ಬರುವುದು ಊರು ಕೊಳ್ಳೆ ಹೋದ ಮೇಲೆ.

ನಡುವಯಸ್ಸಿನ ಈ ಚಿಂತೆ ನನ್ನೊಬ್ಬನದಲ್ಲ. ಮದುವೆ ಮನೆಯ ಪಂಕ್ತಿಯಲ್ಲಿ, ಆಫೀಸಿನ ಕಾಫಿ ಹೊತ್ತಿನಲ್ಲಿ, ಪಾರ್ಕಿನ ಕಲ್ಲುಬೆಂಚಿನಲ್ಲಿ ನಲವತ್ತು ದಾಟಿದವರ ಮಾತು ಸುತ್ತಿ ಬಳಸಿ ಅಲ್ಲಿಗೇ ಬಂದು ನಿಲ್ಲುತ್ತದೆ. ಅದಕ್ಕೊಂದು ಭಾಷೆಯೂ ಇದೆ. ‘ನಂಗೆ ಶುಗರ್ ಇಲ್ಲಪ್ಪ, ಸ್ವಲ್ಪ ಬಾರ್ಡರ್‌ನಲ್ಲಿದೆ ಅಷ್ಟೇ’ ಎಂದು ಒಬ್ಬರು. ‘ಟೆಸ್ಟ್ ಮಾಡಿಸಿದ್ರೆ ತಾನೇ ಬರೋದು’ ಎಂದು ಇನ್ನೊಬ್ಬರು. ಮೂರನೆಯವರು ಏನೂ ಹೇಳದೆ ಜಹಾಂಗೀರನ್ನು ಎಲೆಯ ತುದಿಗೆ ಸರಿಸುತ್ತಾರೆ, ಅನ್ನಕ್ಕೆ ಮಾತ್ರ ಮೂರು ಸಲ ಸಾರು ಹಾಕಿಸಿಕೊಳ್ಳುತ್ತಾರೆ. ನನ್ನ ತಕರಾರಿರುವುದು ಇಲ್ಲೇ. ಈ ಚಿಂತೆ ನಮ್ಮನ್ನು ಪರೀಕ್ಷೆಯ ಕಡೆಗೂ ಒಯ್ಯುತ್ತಿಲ್ಲ, ಸರಿಯಾದ ಅಪರಾಧಿಯ ಕಡೆಗೂ ಒಯ್ಯುತ್ತಿಲ್ಲ. ಸಿಹಿಯನ್ನು ಬೈದುಕೊಂಡು, ತನ್ನನ್ನೇ ಬೈದುಕೊಂಡು ಇದ್ದಲ್ಲೇ ಸುತ್ತುತ್ತಿದೆ.

ಭಯಕ್ಕೆ ಆಧಾರವೇ ಇಲ್ಲವೆಂದು ಹೇಳುವಂತಿಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಇಂಡಿಯಾಬ್ ಸಮೀಕ್ಷೆ 2008ರಿಂದ 2020ರ ತನಕ ರಾಜ್ಯ ರಾಜ್ಯ ಸುತ್ತಿ 1,13,043 ಜನರನ್ನು ಪರೀಕ್ಷಿಸಿತು. 2023ರಲ್ಲಿ ಪ್ರಕಟವಾದ ಅದರ ಲೆಕ್ಕದಂತೆ ದೇಶದಲ್ಲಿ ಮಧುಮೇಹಿಗಳು 10.1 ಕೋಟಿ, ಬಾರ್ಡರ್‌ನಲ್ಲಿರುವವರು 13.6 ಕೋಟಿ. ವಯಸ್ಕರಲ್ಲಿ ಶೇ 11.4 ಮಂದಿಗೆ ಕಾಯಿಲೆ, ಇನ್ನೂ ಶೇ 15.3 ಮಂದಿ ಹೊಸ್ತಿಲಲ್ಲಿ. ನಮ್ಮ ಪಕ್ಕದ ಗೋವಾದಲ್ಲಿ ಶೇ 26.4, ಉತ್ತರ ಪ್ರದೇಶದಲ್ಲಿ ಶೇ 4.8. ಇಷ್ಟು ಅಂತರವನ್ನು ರಕ್ತದ ಗುಣ ಎಂಬ ಒಂದೇ ಮಾತಿನಲ್ಲಿ ಮುಗಿಸಲಾಗದು.

ಇನ್ನು ಈ ಬಾರ್ಡರ್ ಎಂಬುದು. ಅದು ದೇಹದಲ್ಲಿ ಎಳೆದ ಗೆರೆಯಲ್ಲ, ಸಭೆಗಳಲ್ಲಿ ಎಳೆದದ್ದು. ಖಾಲಿ ಹೊಟ್ಟೆಯ ಸಕ್ಕರೆ 110 ದಾಟಿದರೆ ಎಚ್ಚರ ಎಂಬುದು ಮೊದಲಿನ ಒಪ್ಪಂದ. 2003ರಲ್ಲಿ ಅಮೆರಿಕದ ಡಯಾಬಿಟೀಸ್ ಸಂಘ ಅದನ್ನು 100ಕ್ಕೆ ಇಳಿಸಿತು. ವಿಶ್ವ ಆರೋಗ್ಯ ಸಂಸ್ಥೆ 110ರಲ್ಲೇ ನಿಂತಿತು. ಹಾಗಾಗಿ 104 ಇರುವ ಮನುಷ್ಯ ಒಂದು ಪುಸ್ತಕದಲ್ಲಿ ರೋಗದ ಹೊಸ್ತಿಲಲ್ಲಿದ್ದಾನೆ, ಇನ್ನೊಂದರಲ್ಲಿ ಪಡಸಾಲೆಯಲ್ಲಿ ಆರಾಮಾಗಿದ್ದಾನೆ. ಲ್ಯಾಬಿನ ಚೀಟಿಯಲ್ಲಿ ದಪ್ಪಕ್ಷರ ಕಂಡು ರಾತ್ರಿಯಿಡೀ ನಿದ್ದೆಗೆಟ್ಟವರಿಗೆ ಇಷ್ಟು ಗೊತ್ತಿದ್ದರೆ ಒಳ್ಳೆಯದು. ಹಾಗೆಂದು ಗೆರೆಯನ್ನು ತಮಾಷೆ ಮಾಡುವಂತೆಯೂ ಇಲ್ಲ, ನಮ್ಮವರ ಮಟ್ಟಿಗಂತೂ ಇಲ್ಲ. ಅಮೆರಿಕದಲ್ಲಿ ನಡೆದ ಹೆಸರಾಂತ ಪ್ರಯೋಗದಲ್ಲಿ, ಬರೀ ಸಾಧಾರಣ ಬುದ್ಧಿಮಾತು ಕೇಳಿಸಿಕೊಂಡು ಹೋದ ಬಾರ್ಡರ್‌ನವರಲ್ಲಿ ಮೂರು ವರ್ಷಕ್ಕೆ ಕಾಯಿಲೆಗೆ ಬಿದ್ದವರು ಸುಮಾರು ಶೇ 29. ಚೆನ್ನೈನಲ್ಲಿ ಅಂಥವರ ಪಾಲು ಶೇ 55. ನಮ್ಮ ಹೊಸ್ತಿಲು ಜಾರುಗಲ್ಲು.

ಯಾಕೆ ಹೀಗೆ ಎಂಬುದಕ್ಕೆ ಸಿಕ್ಕಿರುವ ಉತ್ತರಗಳಲ್ಲಿ ನನಗೆ ಬಹಳ ಹಿಡಿಸಿದ್ದು ಪುಣೆಯ ಡಾ. ಚಿತ್ತರಂಜನ್ ಯಾಜ್ಞಿಕ್ ಮತ್ತು ಲಂಡನ್ನಿನ ಡಾ. ಜಾನ್ ಯುಡ್ಕಿನ್ ಅಕ್ಕಪಕ್ಕ ನಿಂತು ತೆಗೆಸಿಕೊಂಡ ಒಂದು ಫೋಟೊ. 2004ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂತು. ಇಬ್ಬರೂ ತೆಳ್ಳಗಿದ್ದಾರೆ, ಎತ್ತರಕ್ಕೆ ತಕ್ಕ ತೂಕದ ಸೂಚ್ಯಂಕ ಇಬ್ಬರಿಗೂ 22.3. ಆದರೆ ಯುಡ್ಕಿನ್ ಮೈಯಲ್ಲಿ ಕೊಬ್ಬು ಶೇ 9.1, ಯಾಜ್ಞಿಕರ ಮೈಯಲ್ಲಿ ಶೇ 21.2. ‘ನಾನು ಸಣ್ಣಗಿದ್ದೀನಿ, ನನಗೆಲ್ಲಿಯ ಶುಗರ್’ ಎನ್ನುವ ನಮ್ಮ ದೊಡ್ಡ ಧೈರ್ಯ ಆ ಒಂದು ಚಿತ್ರದ ಮುಂದೆ ಕುಸಿಯುತ್ತದೆ. ಕೈಕಾಲು ಕಡ್ಡಿ, ಹೊಟ್ಟೆ ಮಾತ್ರ ಮಡಕೆ: ಬೀದಿಯಲ್ಲಿ ನಿಂತು ನೋಡಿದರೆ ನಮ್ಮ ಗಂಡಸರಲ್ಲಿ ಅರ್ಧ ಜನರ ಆಕಾರ ಇದೇ. ತಿಂದ ಸಕ್ಕರೆಯನ್ನು ಇನ್ಸುಲಿನ್ ಮಾತು ಕೇಳಿ ಒಳಗೆ ತೆಗೆದುಕೊಳ್ಳಬೇಕಾದ ದೊಡ್ಡ ಉಗ್ರಾಣ ಮಾಂಸಖಂಡ. ಅದೇ ಚಿಕ್ಕದಿದ್ದರೆ ಮಿಕ್ಕಿದ್ದು ಕೊಬ್ಬಾಗಿ ಯಕೃತ್ತಿಗೂ ಹೊಟ್ಟೆಯೊಳಕ್ಕೂ ಇಳಿಯುತ್ತದೆ.

ಈ ಕಥೆಯ ಒಂದು ಮುಖ್ಯ ಅಧ್ಯಾಯ ನಡೆದಿರುವುದು ನಮ್ಮ ಮೈಸೂರಿನಲ್ಲಿ, ಮಂಡಿ ಮೊಹಲ್ಲಾದ ಹೋಲ್ಡ್ಸ್‌ವರ್ತ್ ಆಸ್ಪತ್ರೆಯಲ್ಲಿ. ಹಳೇ ಮೈಸೂರಿನವರಿಗೆ ಅದು ಮಿಷನ್ ಆಸ್ಪತ್ರೆ. ಅಲ್ಲಿ 1934ರಿಂದ ಹುಟ್ಟಿದ ಮಕ್ಕಳ ತೂಕ, ಉದ್ದ, ತಲೆಯ ಸುತ್ತಳತೆಯನ್ನು ದಪ್ಪ ಪುಸ್ತಕಗಳಲ್ಲಿ ಬರೆದಿಡುತ್ತಿದ್ದರು. ಬರೆದ ದಾದಿಯರಿಗೆ ಅದು ದಿನದ ಕೆಲಸ. ಅರ್ಧ ಶತಮಾನ ಕಳೆದ ಮೇಲೆ ಕ್ಯಾರೊಲಿನ್ ಫಾಲ್ ಎಂಬ ಬ್ರಿಟಿಷ್ ವೈದ್ಯೆ ಮತ್ತು ಮೈಸೂರಿನ ಸಂಗಾತಿಗಳು ಆ ಪುಸ್ತಕಗಳನ್ನು ಹಿಡಿದು, ಆ ಕೂಸುಗಳು ಈಗೆಲ್ಲಿದ್ದಾವೆಂದು ಹುಡುಕಿ ಹೊರಟರು. ಸಿಕ್ಕ 506 ಜನರ ವಯಸ್ಸು 39ರಿಂದ 60. ಅವರಲ್ಲಿ ಶೇ 15 ಮಂದಿಗೆ ಮಧುಮೇಹವಿತ್ತು. ಹುಟ್ಟುವಾಗ ತೂಕ ಕಡಿಮೆಯಿದ್ದವರಿಗೆ ಮುಂದೆ ಸಕ್ಕರೆ ಕಾಯಿಲೆ ಜಾಸ್ತಿ ಎಂಬುದು ಇಂಗ್ಲೆಂಡಿನ ಅನುಭವ. ಮೈಸೂರು ಬೇರೆಯದನ್ನು ಹೇಳಿತು: ಇಲ್ಲಿ ಕಾಯಿಲೆ ಹೆಚ್ಚಿದ್ದದ್ದು ಹುಟ್ಟುವಾಗ ಗಿಡ್ಡಕ್ಕೆ, ಉದ್ದಕ್ಕೆ ಮೀರಿ ದುಂಡಗೆ ಇದ್ದವರಲ್ಲಿ, ತೂಕ ಹೆಚ್ಚಿದ್ದ ತಾಯಂದಿರ ಮಕ್ಕಳಲ್ಲಿ. 1998ರಲ್ಲಿ ಇದು ಪ್ರಕಟವಾಯಿತು. ಬಸುರಿನಲ್ಲೇ ತಾಯಿಯ ಸಕ್ಕರೆ ಏರಿದ್ದಿರಬೇಕೆಂಬ ಗುಮಾನಿ ಅದಕ್ಕೂ ಮುಂಚೆಯೇ ಹುಟ್ಟಿ, ಅದೇ ಆಸ್ಪತ್ರೆಯಲ್ಲಿ 1997–98ರಲ್ಲಿ ಗರ್ಭಿಣಿಯರನ್ನು ಪರೀಕ್ಷಿಸಿದಾಗ ಶೇ 6.2 ಮಂದಿಗೆ ಗರ್ಭಾವಸ್ಥೆಯ ಮಧುಮೇಹ ಕಂಡಿತು. ಆ ತಾಯಂದಿರ ಮಕ್ಕಳನ್ನು ಬೆಳೆಯುತ್ತ ಬೆಳೆಯುತ್ತ ಅಳೆದರು. ಒಂಬತ್ತೂವರೆ ವರ್ಷದ ಹೊತ್ತಿಗೆ ಅವರ ಮೈಯಲ್ಲಿ ಕೊಬ್ಬು ಹೆಚ್ಚು, ಇನ್ಸುಲಿನ್ ಮಾತು ಕೇಳುವ ಗುಣ ಕಡಿಮೆ.

ಇದನ್ನೆಲ್ಲ ಇಷ್ಟು ಬಿಡಿಸಿ ಹೇಳಿದ್ದಕ್ಕೆ ಕಾರಣವಿದೆ. ನಡುವಯಸ್ಸಿನವನ ಚಿಂತೆಯಲ್ಲಿ ಅರ್ಧ ಪಾಲು ಪಶ್ಚಾತ್ತಾಪವೇ: ಇಪ್ಪತ್ತು ವರ್ಷ ಬೇಕರಿಯಲ್ಲಿ ತಿಂದೆ, ಕುರ್ಚಿಯಲ್ಲಿ ಕೂತೆ, ಈಗ ಅನುಭವಿಸು. ಆದರೆ ಲೆಕ್ಕದ ಮೊದಲ ಕಂತನ್ನು ನಾವು ಹುಟ್ಟುವ ಮುಂಚೆಯೇ ಕಟ್ಟಲಾಗಿದೆ. ತಪ್ಪೆಲ್ಲ ನನ್ನದೇ ಎಂದುಕೊಂಡವನು ನಾಚಿಕೆಯಿಂದ ಪರೀಕ್ಷೆ ಮುಂದೂಡುತ್ತಾನೆ. ಪರೀಕ್ಷೆಯ ಫಲಿತಾಂಶ ಅವನಿಗೆ ಚಾರಿತ್ರ್ಯದ ಸರ್ಟಿಫಿಕೇಟಿನಂತೆ ಕಾಣುತ್ತದೆ. ಅಪ್ಪನನ್ನು ನೋಡಿದ್ದೇನೆ. ಡಾಕ್ಟರ ಮುಂದೆ ‘ಸಿಹಿ ಮುಟ್ಟೋದೇ ಇಲ್ಲ ಸಾರ್’ ಎಂದು ಕಳ್ಳ ಹುಡುಗನಂತೆ ಹೇಳುತ್ತಿದ್ದರು. ನಿಜಕ್ಕೂ ಮುಟ್ಟುತ್ತಿರಲಿಲ್ಲ.

ಮುಟ್ಟುತ್ತಿದ್ದದ್ದು ಅನ್ನ. ಇಂಡಿಯಾಬ್ ಸಮೀಕ್ಷೆಯ ಊಟದ ಲೆಕ್ಕ 2025ರಲ್ಲಿ ಹೊರಬಂತು. ಭಾರತೀಯರ ದಿನದ ಶಕ್ತಿಯಲ್ಲಿ ಸುಮಾರು ಶೇ 62 ಪಿಷ್ಟ–ಸಕ್ಕರೆಗಳಿಂದ ಬರುತ್ತದೆ, ಪ್ರೋಟೀನಿನಿಂದ ಶೇ 12ರಷ್ಟು ಮಾತ್ರ. ದಕ್ಷಿಣದಲ್ಲಿ ಆ ಪಿಷ್ಟದ ದೊಡ್ಡ ಪಾಲು ಪಾಲಿಶ್ ಮಾಡಿದ ಬಿಳಿ ಅಕ್ಕಿ. ಅದಕ್ಕೂ ಮೊದಲು, 2020ರಲ್ಲಿ, 21 ದೇಶಗಳ 1,32,373 ಜನರನ್ನು ವರ್ಷಗಟ್ಟಲೆ ಹಿಂಬಾಲಿಸಿದ ಪ್ಯೂರ್ ಅಧ್ಯಯನ ಇನ್ನೂ ಮೊನಚಾದ ಮಾತು ಹೇಳಿತ್ತು. ದಿನಕ್ಕೆ ಬೇಯಿಸಿದ ಅನ್ನ 450 ಗ್ರಾಂ ಮೀರಿದವರಿಗೆ, 150 ಗ್ರಾಂ ಒಳಗೆ ಉಣ್ಣುವವರಿಗಿಂತ ಮಧುಮೇಹದ ಅಪಾಯ ಹೆಚ್ಚು. ಆ ಹೆಚ್ಚಳ ಎಲ್ಲಕ್ಕಿಂತ ಜೋರಾಗಿ ಕಂಡದ್ದು ದಕ್ಷಿಣ ಏಷ್ಯಾದಲ್ಲಿ, ಸುಮಾರು ಶೇ 61. ಚೀನಾದಲ್ಲಿ ಅಂಥ ಸಂಬಂಧ ಎದ್ದು ಕಾಣಲಿಲ್ಲ. ನಮ್ಮ ಕಡೆಯ ಮಧ್ಯಮ ಪ್ರಮಾಣವೇ ದಿನಕ್ಕೆ 630 ಗ್ರಾಂ. ಒಂದು ದಿನ ನನ್ನ ಮಧ್ಯಾಹ್ನದ ಅನ್ನವನ್ನು ತಕ್ಕಡಿಗೆ ಹಾಕಿ ನೋಡಿದೆ: ಸಾರಿಗೆ ಒಂದು ಸಲ, ಹುಳಿಗೆ ಒಂದು ಸಲ, ಮೊಸರಿಗೆ ಒಂದು ಸಲ ಸೇರಿ 410. ಬೆಳಗಿನ ಇಡ್ಲಿ, ಸಂಜೆಯ ಅವಲಕ್ಕಿ ಬೇರೆ. ಅವೂ ಅಕ್ಕಿಯೇ ಅಲ್ಲವೇ.

ಅಕ್ಕಿಯನ್ನು ಬಯ್ಯಲು ನನಗೆ ಬಾಯಿ ಬರುವುದಿಲ್ಲ. ಅದು ಹಸಿವು ನೀಗಿಸಿದ ಧಾನ್ಯ. ನಮ್ಮ ತಾತನ ಕಾಲಕ್ಕೆ ಅನ್ನ ಹಬ್ಬದ ಊಟ, ದಿನವೂ ಮುದ್ದೆ. ಮಕ್ಕಳು ಮೂರು ಹೊತ್ತು ಅನ್ನ ಉಣ್ಣಲಿ ಎಂಬುದು ಅವರು ಕಂಡ ಕನಸು. ಆ ಕನಸು ಕೈಗೂಡಿದ ಮೇಲೆ ಅದನ್ನು ದೂರಿದರೆ ಉಂಡ ಮನೆಗೆ ಎರಡು ಬಗೆದಂತೆ. ಬದಲಾಗಿರುವುದು ಧಾನ್ಯವಷ್ಟೇ ಅಲ್ಲ, ಉಣ್ಣುವವನ ದಿನವೂ. ತಾತ ಅಷ್ಟೇ ಮುದ್ದೆ ನುಂಗಿ ನೇಗಿಲು ಹಿಡಿಯುತ್ತಿದ್ದರು. ನಾನು ಉಂಡು ಕಂಪ್ಯೂಟರಿನ ಮುಂದೆ ತೂಕಡಿಸುತ್ತೇನೆ.

ಹಾಗಾದರೆ ಮುದ್ದೆಗೇ ಮರಳೋಣವೇ? ಈಗಿನ ನಂಬಿಕೆ ಅದೇ. ರಾಗಿ ಬಿಸ್ಕತ್ತು, ನವಣೆ ಪಾಸ್ತಾ, ಸಾಮೆ ಬಿಸಿಬೇಳೆಬಾತು. ಸಿರಿಧಾನ್ಯದ ಹೆಸರು ಹೊತ್ತದ್ದೆಲ್ಲ ಔಷಧಿಯಾಗಿ ಮಾರಾಟವಾಗುತ್ತಿದೆ. 2025ರ ಅದೇ ವಿಶ್ಲೇಷಣೆ ಈ ಉತ್ಸಾಹಕ್ಕೆ ತಣ್ಣೀರು ಎರಚಿದೆ. ಒಟ್ಟು ಪಿಷ್ಟ ಅಷ್ಟೇ ಇಟ್ಟುಕೊಂಡು ಬಿಳಿ ಅಕ್ಕಿಯ ಜಾಗಕ್ಕೆ ಗೋಧಿ ಅಥವಾ ಸಿರಿಧಾನ್ಯದ ಹಿಟ್ಟನ್ನು ತಂದರೆ ಮಧುಮೇಹದ ಅಪಾಯ ಇಳಿದದ್ದು ಕಾಣಲಿಲ್ಲ. ದಿನದ ಒಟ್ಟು ಶಕ್ತಿಯಲ್ಲಿ ಪಿಷ್ಟದಿಂದ ಬರುವ ಶೇ 5ರಷ್ಟನ್ನು ಬೇಳೆಕಾಳು ಅಥವಾ ಹಾಲು–ಮೊಸರಿನ ಪ್ರೋಟೀನಿಗೆ ಬಿಟ್ಟುಕೊಟ್ಟಾಗ ಇಳಿದದ್ದು ಕಂಡಿತು. ರಾಗಿಯಲ್ಲಿ ನಾರಿದೆ, ಸುಣ್ಣದ ಅಂಶವಂತೂ ಬೇರೆ ಯಾವ ಧಾನ್ಯದಲ್ಲೂ ಅಷ್ಟಿಲ್ಲ, ಒಪ್ಪೋಣ. ಆದರೆ ನುಣ್ಣಗೆ ಬೀಸಿ ಕಾಯಿಸಿದ ಅಂಬಲಿ ಸಕ್ಕರೆ ಏರಿಸುವುದರಲ್ಲಿ ಹಿಂದೆ ಬೀಳುವುದಿಲ್ಲ. ಮುದ್ದೆಯ ಜತೆ ನಮ್ಮ ಹಿರಿಯರು ಉಂಡದ್ದು ಹುರುಳಿಕಾಳಿನ ಬಸ್ಸಾರು, ಅವರೆಕಾಳಿನ ಹುಳಿ, ಮಸೊಪ್ಪು. ನಾವು ಮುದ್ದೆಯನ್ನಷ್ಟೇ ನೆನಪಿಟ್ಟುಕೊಂಡು ಕಾಳನ್ನು ಮರೆತಿದ್ದೇವೆ. ತಟ್ಟೆಯಲ್ಲಿ ಕಾಳುಪಲ್ಯ ಅರ್ಧ, ಅನ್ನವೋ ಮುದ್ದೆಯೋ ಕಾಲು ಭಾಗ ಇರುವಂತೆ ಬಡಿಸಿಕೊಳ್ಳುವುದು ಯಾವ ಅಂಗಡಿಯೂ ಮಾರಲಾಗದ ಔಷಧಿ. ಅದಕ್ಕೇ ಅದರ ಜಾಹೀರಾತು ಎಲ್ಲೂ ಕಾಣುವುದಿಲ್ಲ.

ಹಾಗಲಕಾಯಿ ರಸ, ಮೆಂತ್ಯದ ನೀರು, ನೇರಳೆ ಬೀಜದ ಪುಡಿ, ಕುಂಡದಲ್ಲಿ ಬೆಳೆಸಿದ ಇನ್ಸುಲಿನ್ ಗಿಡದ ಎಲೆ ಇವುಗಳ ಬಗ್ಗೆ ಹೆಚ್ಚು ಹೇಳಲು ಹೋಗುವುದಿಲ್ಲ. ರುಚಿಗೋ ನಂಬಿಕೆಗೋ ತಿನ್ನುವವರು ತಿನ್ನಲಿ. ಪರೀಕ್ಷೆಗೆ, ಮಾತ್ರೆಗೆ ಬದಲಿ ಎಂದುಕೊಂಡರೆ ಮಾತ್ರ ಅಪಾಯ. ಬೀಡಿ ಸಿಗರೇಟು ಶ್ವಾಸಕೋಶಕ್ಕಷ್ಟೇ ಕೆಟ್ಟದ್ದೆಂದು ತಿಳಿದವರೂ ಬಹಳ. ಸೇದುವವರಿಗೆ ಮಧುಮೇಹದ ಅಪಾಯ ಶೇ 30–40ರಷ್ಟು ಹೆಚ್ಚೆಂದು ಅಮೆರಿಕದ ಸರ್ಜನ್ ಜನರಲ್ 2014ರ ವರದಿಯಲ್ಲೇ ಹೇಳಿದ್ದಾರೆ. ರಾತ್ರಿ ಪಾಳಿ, ಐದು ಗಂಟೆಯ ನಿದ್ದೆ, ಹತ್ತೂವರೆಗೆ ಊಟ ಮಾಡಿ ಹನ್ನೊಂದಕ್ಕೆ ಹಾಸಿಗೆ: ಇವೂ ಪಟ್ಟಿಯಲ್ಲಿವೆ. ಆದರೆ ಇವೆಲ್ಲ ಬರೀ ಅಭ್ಯಾಸವೇ? ಎರಡು ಗಂಟೆ ಟ್ರಾಫಿಕ್ಕಿನಲ್ಲಿ ಕಳೆದು ಒಂಬತ್ತೂವರೆಗೆ ಮನೆ ಸೇರುವವನಿಗೆ ‘ಏಳಕ್ಕೆ ಊಟ ಮುಗಿಸಿ’ ಎನ್ನುವ ಸಲಹೆ ಹಾಸ್ಯದಂತೆ ಕೇಳುತ್ತದೆ. ನಡೆಯಿರಿ ಎನ್ನುತ್ತೇವೆ, ಬೆಂಗಳೂರಿನ ಅನೇಕ ರಸ್ತೆಗಳಲ್ಲಿ ಕಾಲುದಾರಿಯ ಮೇಲೆ ನಡೆಯುವುದಕ್ಕಿಂತ ಸ್ಕೂಟರ್ ಓಡಿಸುವುದು ಸುಲಭ.

ಮಧುಮೇಹಕ್ಕೆ ನಡಿಗೆಯೇ ಮದ್ದು ಎಂಬ ಮಾತು ಹಳೆಯದು. ಸುಶ್ರುತ ಸಂಹಿತೆ ಬಡವನಿಗೆ ಒಂದು ಬಗೆ, ಸಿರಿವಂತನಿಗೆ ಇನ್ನೊಂದು ಬಗೆ ಚಿಕಿತ್ಸೆ ಹೇಳುತ್ತದೆ. ಬಡವ ಕೊಡೆಯಿಲ್ಲದೆ, ಪಾದರಕ್ಷೆಯಿಲ್ಲದೆ, ಭಿಕ್ಷೆ ಬೇಡುತ್ತ, ಊರಿಗೊಂದು ರಾತ್ರಿ ತಂಗುತ್ತ ನೂರು ಯೋಜನ ನಡೆಯಬೇಕು. ಸಿರಿವಂತ ಸಾಮೆಯಂಥ ಹುಲ್ಲುಧಾನ್ಯ ತಿಂದು ಜಿಂಕೆಗಳ ನಡುವೆ ಬಾಳಬೇಕು. ಬಾವಿ ತೋಡುವುದೂ ಆ ಚಿಕಿತ್ಸೆಗಳಲ್ಲೊಂದು. ಎಷ್ಟು ಕಣ್ಣು ತೆರೆದು ನೋಡಿದ್ದಾರೆ ಅನ್ನಿಸುತ್ತದೆ. ಪಾದರಕ್ಷೆಯ ಮಾತು ಮಾತ್ರ ಈಗ ಕೂಡದು. ಕಾಲಿನ ಸ್ಪರ್ಶ ಮಂದವಾದ ಮಧುಮೇಹಿ ಬರಿಗಾಲಲ್ಲಿ ಹರಕೆಯ ಪಾದಯಾತ್ರೆ ಹೊರಟು ಬೊಬ್ಬೆ ಹುಣ್ಣಾಗಿ, ಹುಣ್ಣು ಕೊಳೆತು, ಬೆರಳು ಕಳೆದುಕೊಂಡು ಬರುವುದುಂಟು.

ಆಧುನಿಕ ಕಾಲದ ಪುರಾವೆ 1986ರಲ್ಲಿ ಚೀನಾದ ದಾಚಿಂಗ್ ಎಂಬ ಎಣ್ಣೆಬಾವಿಗಳ ಊರಿನಲ್ಲಿ ಶುರುವಾಯಿತು. ಬಾರ್ಡರ್‌ನಲ್ಲಿದ್ದ 577 ಜನ. ಹೆಚ್ಚಿನವರಿಗೆ ಆರು ವರ್ಷ ಊಟ, ನಡಿಗೆಯ ತರಬೇತಿ, ಉಳಿದವರಿಗೆ ಅಂಥದ್ದೇನೂ ಇಲ್ಲ. ಮೂವತ್ತು ವರ್ಷ ಕಳೆದ ಮೇಲೆ ನೋಡಿದರೆ ತರಬೇತಿ ಪಡೆದವರಿಗೆ ಕಾಯಿಲೆ ಸರಾಸರಿ ಸುಮಾರು ನಾಲ್ಕು ವರ್ಷ ತಡವಾಗಿ ಬಂದಿತ್ತು, ಆಯಸ್ಸು ಒಂದೂವರೆ ವರ್ಷದ ಹತ್ತಿರ ಹೆಚ್ಚಿತ್ತು. ನಮಗೆ ಇನ್ನೂ ಹತ್ತಿರದ್ದು ಚೆನ್ನೈನ ಡಾ. ಎ. ರಾಮಚಂದ್ರನ್ ಮತ್ತು ಸಂಗಡಿಗರ ಪ್ರಯೋಗ, 2006ರಲ್ಲಿ ಪ್ರಕಟವಾದದ್ದು. ಅಲ್ಲಿನ 531 ಜನರ ಸರಾಸರಿ ವಯಸ್ಸು ಸುಮಾರು 46, ನನ್ನ ಓರಗೆಯವರು. ಸುಮ್ಮನೆ ಬಿಟ್ಟವರಲ್ಲಿ ಶೇ 55 ಮಂದಿ ಮೂರು ವರ್ಷದಲ್ಲಿ ಮಧುಮೇಹಿಗಳಾದರೆ, ದಿನಕ್ಕೆ ಅರ್ಧ ಗಂಟೆ ಬಿರುಸು ನಡಿಗೆ, ಊಟದಲ್ಲಿ ಹಿಡಿತ ರೂಢಿಸಿಕೊಂಡವರಲ್ಲಿ ಶೇ 39.3. ಕಡಿಮೆ ಪ್ರಮಾಣದ ಮೆಟ್‌ಫಾರ್ಮಿನ್ ಮಾತ್ರೆ ನುಂಗಿದವರದ್ದೂ ಹೆಚ್ಚುಕಡಿಮೆ ಅಷ್ಟೇ, ಶೇ 40.5. ಎರಡನ್ನೂ ಸೇರಿಸಿದರೂ ಹೆಚ್ಚಿನ ಲಾಭವೇನೂ ಬರಲಿಲ್ಲ. ಗಮನಿಸಬೇಕಾದ್ದೆಂದರೆ, ನಡೆದವರ ತೂಕ ಹೇಳಿಕೊಳ್ಳುವಷ್ಟು ಇಳಿದಿರಲೇ ಇಲ್ಲ. ತಕ್ಕಡಿಯ ಮುಳ್ಳು ಅಲುಗದಿದ್ದರೂ ಒಳಗಿನ ಲೆಕ್ಕ ಸರಿಯುತ್ತಿರುತ್ತದೆ. ಒಂದು ತಿಂಗಳು ನಡೆದು ‘ಒಂದು ಕೆ.ಜಿ.ಯೂ ಇಳಿಯಲಿಲ್ಲ’ ಎಂದು ಬೂಟು ಬಿಚ್ಚಿಡುವವರು ಇದನ್ನೊಮ್ಮೆ ಓದಿಕೊಳ್ಳಬೇಕು.

ಹಾಗೆಯೇ ಶೇ 39.3 ಎಂಬುದನ್ನೂ ಮುಚ್ಚಿಡಬಾರದು. ಹೇಳಿದ್ದನ್ನೆಲ್ಲ ಮಾಡಿದವರಲ್ಲೂ ಹತ್ತಕ್ಕೆ ನಾಲ್ವರಿಗೆ ಕಾಯಿಲೆ ಬಂತು. ‘ಮನಸ್ಸು ಮಾಡಿದರೆ ಶುಗರ್ ಓಡಿಸಬಹುದು’ ಎಂದು ವೇದಿಕೆಯಲ್ಲಿ ಗುಡುಗುವವರು ಆ ನಾಲ್ವರ ಮುಖಕ್ಕೆ ಏನು ಹೇಳುತ್ತಾರೆ?

ಚಿಂತೆಯೇ ಮನುಷ್ಯನನ್ನು ತಿದ್ದುತ್ತದಲ್ಲವೇ, ಇರಲಿ ಬಿಡಿ ಎನ್ನುವವರಿದ್ದಾರೆ. ಅದನ್ನೂ ಪರೀಕ್ಷಿಸಿ ನೋಡಿದ್ದಾರೆ. ಇಂಗ್ಲೆಂಡಿನ ಕೇಂಬ್ರಿಜ್ ಸುತ್ತ 569 ಆರೋಗ್ಯವಂತ ನಡುವಯಸ್ಸಿನವರನ್ನು ಆರಿಸಿ, ಕೆಲವರಿಗೆ ‘ನಿಮಗೆ ಮಧುಮೇಹ ಬರುವ ಸಂಭವ ಇಷ್ಟಿದೆ’ ಎಂದು ಅವರವರ ವಂಶವಾಹಿಯ ಅಥವಾ ಮೈಕಟ್ಟಿನ ಲೆಕ್ಕ ಹಾಕಿ ಹೇಳಿದರು. ಉಳಿದವರಿಗೆ ಬರೀ ಸಲಹೆ. ಅಪಾಯ ತಿಳಿದವರು ತಿಳಿಯದವರಿಗಿಂತ ಹೆಚ್ಚೇನೂ ನಡೆಯಲಿಲ್ಲ. ಅದೇ ಊರಿನ ಅಡಿಷನ್ ಎಂಬ ಇನ್ನೊಂದು ದೊಡ್ಡ ಪ್ರಯೋಗದಲ್ಲಿ, 40ರಿಂದ 69 ವಯಸ್ಸಿನ, ಅಪಾಯ ಹೆಚ್ಚಿದ್ದ 20 ಸಾವಿರ ಮಂದಿಯ ಪೈಕಿ ಹೆಚ್ಚಿನವರನ್ನು ಕರೆದು ಒಂದು ಸಲ ತಪಾಸಣೆ ಮಾಡಿದರು. ಸುಮಾರು ಹತ್ತು ವರ್ಷದ ನಂತರ ಕರೆದವರಲ್ಲೂ ಕರೆಯದವರಲ್ಲೂ ಸಾವಿನ ಪ್ರಮಾಣ ಒಂದೇ. ತಪಾಸಣೆಯಿಂದ ಮನಸ್ಸಿಗೆ ದೊಡ್ಡ ಆಘಾತವಾದದ್ದೂ ಕಾಣಲಿಲ್ಲ. ಅಂದರೆ ಪರೀಕ್ಷೆಯ ಭಯವೂ ಅತಿ, ಪರೀಕ್ಷೆಯೊಂದರ ಮೇಲೆ ಇಟ್ಟ ಭರವಸೆಯೂ ಅತಿ. ಬ್ರಿಟನ್ನಿನಲ್ಲಿ ಕುಟುಂಬ ವೈದ್ಯರ ವ್ಯವಸ್ಥೆ ಮೊದಲೇ ಗಟ್ಟಿಯಾಗಿತ್ತು, ನಮ್ಮಲ್ಲಿ ಹಾಗಿಲ್ಲ. ಆ ಫಲಿತಾಂಶವನ್ನು ಇಲ್ಲಿಗೆ ಹಾಗೇ ಎತ್ತಿಡುವುದು ಸರಿಯಲ್ಲ. ಆದರೂ ನನ್ನ ತೀರ್ಮಾನ ಇಷ್ಟು: ಚೀಟಿ ತಂದು ಬೀರುವಿನಲ್ಲಿಡುವ ಪರೀಕ್ಷೆ ಇರುವೆ ಹುಡುಕಿದ್ದಕ್ಕಿಂತ ಮೇಲಲ್ಲ.

ರಕ್ತ ಕೊಡುವ ಮುಂಚೆ ಒಂದು ಟೇಪು ಸಾಕು. ಚೆನ್ನೈನ ಡಾ. ವಿ. ಮೋಹನ್ ತಂಡ 2005ರಲ್ಲಿ ಭಾರತೀಯರಿಗೆಂದೇ ಅಂಕಪಟ್ಟಿಯೊಂದನ್ನು ರೂಪಿಸಿತು. ವಯಸ್ಸು 35ರಿಂದ 49ಕ್ಕೆ 20 ಅಂಕ, 50 ದಾಟಿದರೆ 30. ಗಂಡಸರ ಸೊಂಟ 90 ಸೆಂಟಿಮೀಟರಿನಿಂದ 99, ಹೆಂಗಸರದ್ದು 80ರಿಂದ 89 ಇದ್ದರೆ 10. ಅದಕ್ಕೂ ಮೀರಿದರೆ 20. ವ್ಯಾಯಾಮವೂ ಇಲ್ಲ, ಕೂತು ಮಾಡುವ ಕೆಲಸ ಎಂದಾದರೆ 30. ಎರಡರಲ್ಲಿ ಒಂದಾದರೂ ಸರಿಯಿದ್ದರೆ 20. ಅಪ್ಪ ಅಮ್ಮನಲ್ಲಿ ಒಬ್ಬರಿಗಿದ್ದರೆ 10, ಇಬ್ಬರಿಗೂ ಇದ್ದರೆ 20. ಒಟ್ಟು 60 ಮುಟ್ಟಿದರೆ ಅಪಾಯ ಹೆಚ್ಚು. ನನ್ನ ಸೊಂಟ ಆಗ 94. ಕೂಡಿ ನೋಡಿದರೆ 70. ಅಪ್ಪನನ್ನೂ ವಯಸ್ಸನ್ನೂ ಬದಲಿಸಲಾಗದು, ನಡೆದು ಸೊಂಟ ಇಳಿಸಿದರೆ 50ಕ್ಕೆ ಬರಬಹುದು. ಇದರಲ್ಲಿ ಸಿಹಿ ತಿಂದದ್ದಕ್ಕೆ ಒಂದು ಅಂಕವೂ ಇಲ್ಲ ಎಂಬುದನ್ನು ಗಮನಿಸಿ.

ಆಮೇಲೆ ರಕ್ತ. ಪರೀಕ್ಷೆಗೆ ಮುಂಚಿನ ವಾರ ಪಥ್ಯ ಹಿಡಿದು ಪಾಸಾಗುವ ಜಾಣರು ನಮ್ಮಲ್ಲಿ ಬೇಕಾದಷ್ಟಿದ್ದಾರೆ. ಹಿಂದಿನ ಎರಡು ಮೂರು ತಿಂಗಳ ಸರಾಸರಿ ಹೇಳುವ ಎಚ್‌ಬಿಎ1ಸಿ ಅಂಥವರನ್ನು ಹಿಡಿದುಹಾಕುತ್ತದೆ, 5.7ರಿಂದ 6.4 ಬಾರ್ಡರ್, 6.5 ಮುಟ್ಟಿದರೆ ಕಾಯಿಲೆ. ಆದರೆ ಕಬ್ಬಿಣದ ಕೊರತೆಯಿಂದ ರಕ್ತಹೀನತೆ ಇದ್ದರೆ ಆ ಸಂಖ್ಯೆ ಸುಳ್ಳಾಗಿ ಏರಬಹುದು, ಮತ್ತು ನಮ್ಮ ದೇಶದ 15–49ರ ಹೆಂಗಸರಲ್ಲಿ ಶೇ 57 ಮಂದಿಗೆ ರಕ್ತಹೀನತೆ ಇದೆಯೆಂದು ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಹೇಳುತ್ತದೆ. ಖಾಲಿ ಹೊಟ್ಟೆಯ ಪರೀಕ್ಷೆಯೊಂದನ್ನೇ ನಂಬಿದರೆ ಉಂಡ ಮೇಲೆ ಮಾತ್ರ ಏರುವ ಸಕ್ಕರೆ ತಪ್ಪಿಸಿಕೊಳ್ಳುತ್ತದೆ. 75 ಗ್ರಾಂ ಗ್ಲೂಕೋಸ್ ಕುಡಿಸಿ ಎರಡು ಗಂಟೆಗೆ ನೋಡುವ ಹಳೆಯ ಪರೀಕ್ಷೆ ಬೇಜಾರಿನದು, ಆದರೆ ಹೆಚ್ಚು ಪ್ರಾಮಾಣಿಕ. 140ರಿಂದ 199 ಬಾರ್ಡರ್, 200 ಆದರೆ ಕಾಯಿಲೆ. ನನಗೆ ಖಾಲಿ ಹೊಟ್ಟೆಯಲ್ಲಿ 106 ಬಂತು, ಎರಡು ಗಂಟೆಗೆ 158. ಮೊದಲನೆಯದನ್ನಷ್ಟೇ ನೋಡಿದ್ದರೆ ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ ನಾನು ನಿರೋಗಿ.

ನಡುವಯಸ್ಸಿನ ಚಿಂತೆಯ ಬಗ್ಗೆ ಬರೆಯುವವರು ಹೆಚ್ಚಾಗಿ ಗಂಡಸರ ಹೊಟ್ಟೆಯ ಬಗ್ಗೆಯೇ ಬರೆಯುತ್ತಾರೆ, ನಾನೂ ಅದನ್ನೇ ಮಾಡುತ್ತ ಬಂದೆ. ನನ್ನ ಹೆಂಡತಿಗೆ ಎರಡನೇ ಬಸುರಿನಲ್ಲಿ ಶುಗರ್ ಕಂಡಿತ್ತು. ಹೆರಿಗೆಯಾದ ಮೇಲೆ ನರ್ಸಿಂಗ್ ಹೋಮಿನಲ್ಲಿ ‘ಇನ್ನೇನೂ ಇಲ್ಲ, ಹೋಗಿಬನ್ನಿ’ ಎಂದು ಕಳಿಸಿದರು. ಹಾಗೆ ಶುಗರ್ ಕಂಡವರಿಗೆ ಮುಂದೆ ಮಧುಮೇಹ ಬರುವ ಸಂಭವ, ಕಾಣದವರಿಗಿಂತ ಏಳು ಪಟ್ಟಿಗೂ ಮೇಲೆ. ಹೆರಿಗೆಯಾಗಿ ಕೆಲವು ವಾರಗಳಲ್ಲಿ ಒಂದು ಸಲ, ಆಮೇಲೆ ಒಂದರಿಂದ ಮೂರು ವರ್ಷಕ್ಕೊಮ್ಮೆ ಪರೀಕ್ಷೆ ಆಗಬೇಕೆಂಬುದು ನಿಯಮ. ಹದಿನಾಲ್ಕು ವರ್ಷ ನಾವಿಬ್ಬರೂ ಅದನ್ನು ಮರೆತೇಬಿಟ್ಟಿದ್ದೆವು. ನಾನು ಇರುವೆ ಹುಡುಕುತ್ತಿದ್ದದ್ದು ನನಗಾಗಿ ಮಾತ್ರ. ಅವಳೋ ಎಲ್ಲರಿಗೂ ಬಡಿಸಿ, ಉಳಿದ ಅನ್ನವನ್ನು ದಂಡವಾಗಬಾರದೆಂದು ಕೊನೆಯಲ್ಲಿ ಉಣ್ಣುವವಳು. ಬೆಳಗಿನ ನಡಿಗೆಯ ಹೊತ್ತಿಗೆ ಅವಳ ಕೈಯಲ್ಲಿ ಮೂರು ಡಬ್ಬಿ. ಗಂಡ ಪಾರ್ಕಿನಲ್ಲಿ ಆರೋಗ್ಯ ಗಳಿಸುವಾಗ ಆ ಡಬ್ಬಿ ಯಾರು ತುಂಬುತ್ತಾರೆಂಬುದನ್ನು ಯಾವ ಅಂಕಪಟ್ಟಿಯೂ ಕೇಳುವುದಿಲ್ಲ.

ಸರ್ಕಾರ ಏನೂ ಮಾಡಿಲ್ಲ ಎನ್ನುವಂತಿಲ್ಲ. ಸಾಂಕ್ರಾಮಿಕವಲ್ಲದ ಕಾಯಿಲೆಗಳ ರಾಷ್ಟ್ರೀಯ ಕಾರ್ಯಕ್ರಮ 2010ರಿಂದ ಇದೆ. 30 ದಾಟಿದ ಯಾರಿಗೇ ಆದರೂ ಸರ್ಕಾರಿ ಆರೋಗ್ಯ ಕೇಂದ್ರದಲ್ಲಿ ಸಕ್ಕರೆ, ಬಿ.ಪಿ. ತಪಾಸಣೆಗೆ ಕಾಸಿಲ್ಲ. ಆಶಾ ಕಾರ್ಯಕರ್ತೆಯರು ಮನೆಗೆ ಬಂದು ಸೊಂಟ ಅಳೆದು ಫಾರಂ ತುಂಬಿಸುತ್ತಾರೆ. 2024ರಲ್ಲಿ ಕೋಲಾರದಿಂದ ಶುರುವಾದ ಗೃಹ ಆರೋಗ್ಯ ಯೋಜನೆ ಪರೀಕ್ಷೆಯನ್ನೇ ಬಾಗಿಲಿಗೆ ತರಲು ಹೊರಟಿದೆ. ಈ ಸೌಲಭ್ಯವನ್ನು ಬಳಸದೆ ಬಿಡುವವರಲ್ಲಿ ಮೊದಲಿಗರು ಮಧ್ಯಮವರ್ಗದ ನಾವು. ಆಶಾ ಬಾಗಿಲು ಬಡಿದರೆ ‘ನಮ್ಮ ಡಾಕ್ಟರು ಬೇರೆ ಇದ್ದಾರೆ’ ಎಂದು ಕಳಿಸುತ್ತೇವೆ, ಆ ಡಾಕ್ಟರ ಬಳಿಯೂ ಹೋಗುವುದಿಲ್ಲ.

ಹನ್ನೊಂದು ತಿಂಗಳಾಯಿತು. ಮಧ್ಯಾಹ್ನದ ಅನ್ನ 410 ಗ್ರಾಮಿನಿಂದ 180ಕ್ಕೆ ಇಳಿದಿದೆ, ಹುರುಳಿ ಅಡುಗೆಮನೆಗೆ ಮರಳಿದೆ, ರಾತ್ರಿ ಊಟವಾದ ಮೇಲೆ ನಾವಿಬ್ಬರೂ ಬೀದಿಯ ಕೊನೆಯ ಅರಳಿಕಟ್ಟೆಯ ತನಕ ಹೋಗಿ ಬರುತ್ತೇವೆ. ಸೊಂಟ 90, ಎರಡು ಗಂಟೆಯ ಸಕ್ಕರೆ 147. ಬಾರ್ಡರ್ ಬಿಟ್ಟು ಹೊರಗೆ ಬಂದಿಲ್ಲ. ಹೆಂಡತಿಗೆ ಎಚ್‌ಬಿಎ1ಸಿ 6.6 ಬಂತು, ರಕ್ತಹೀನತೆ ಸರಿಪಡಿಸಿ ಮತ್ತೊಮ್ಮೆ ನೋಡಿದಾಗಲೂ 6.5. ಅವಳಿಗೆ ಮಾತ್ರೆ ಶುರುವಾಗಿದೆ.

ನಿಮಗೆ 30 ದಾಟಿದ್ದರೆ ಒಂದು ಬೆಳಗ್ಗೆ ತಿಂಡಿ ತಿನ್ನದೆ ಹತ್ತಿರದ ಆರೋಗ್ಯ ಕೇಂದ್ರಕ್ಕೆ ಹೋಗಿ. ಒಂಬತ್ತಕ್ಕೆ ಮುಂಚೆ ಹೋದರೆ ಸಾಲು ಚಿಕ್ಕದಿರುತ್ತದೆ. ಒಬ್ಬರೇ ಹೋಗಬೇಡಿ, ಮನೆಯಲ್ಲಿ ಕೊನೆಗೆ ಉಣ್ಣುವವರನ್ನೂ ಕರೆದುಕೊಂಡು ಹೋಗಿ.